ನಾಯಿ ಸಾಕುವವರ ಸಂಘ: ಸದಸ್ಯರಿಗೆ ಏನು ಆಸರೆ, ಏನು ಹೊಣೆ

ಸದಸ್ಯ ಬಾಂಧವರ ಅವಗಾಹನೆಗೆ,

ನಾಯಿ ಸಾಕಿದವರಿಗೆ ತೊಂದರೆ ಸಾಮಾನ್ಯವಾಗಿ ಮೂರು ಕಡೆಯಿಂದ ಬರುತ್ತದೆ. ಒಂದು, ನೆರೆಹೊರೆಯವರ ದೂರು. ಎರಡು, ಪಂಚಾಯತಿ ಅಥವಾ ನಗರಸಭೆಯ ನೋಟಿಸು. ಮೂರು, ಸರ್ಕಾರದಿಂದ ದಿಢೀರನೆ ಬರುವ ಆದೇಶ. ಗಡಿಯ ಈಚೆ ಇರುವ ನಮಗೆ ನೋಟಿಸು ಮಲಯಾಳದಲ್ಲೋ ತಮಿಳಿನಲ್ಲೋ ಮರಾಠಿಯಲ್ಲೋ ತೆಲುಗಿನಲ್ಲೋ ಇರುತ್ತದೆ. ಅದನ್ನು ಓದಿಸಿಕೊಂಡು ಅರ್ಥ ಮಾಡಿಕೊಳ್ಳುವಷ್ಟರಲ್ಲಿ ಉತ್ತರ ಕೊಡಬೇಕಾದ ದಿನ ಮೀರಿರುತ್ತದೆ. ಇಂಥ ಹೊತ್ತಿನಲ್ಲಿ ನಾಯಿ ಸಾಕುವವರ ಸಂಘವೊಂದು ಏನು ಮಾಡಬಲ್ಲದು, ಅದಕ್ಕೆ ಪ್ರತಿಯಾಗಿ ಸದಸ್ಯರು ಏನು ಮಾಡಬೇಕು ಎಂಬುದನ್ನು ಇಲ್ಲಿ ಒಟ್ಟುಗೂಡಿಸಿ ಕೊಟ್ಟಿದ್ದೇವೆ.

ಸಂಘಗಳು ಬಂದ ಬಗೆ

ಈ ಬಗೆಯ ಸಂಘಗಳಲ್ಲಿ ಹಳೆಯದು 1873ರಲ್ಲಿ ಲಂಡನ್ನಿನಲ್ಲಿ ಸ್ಥಾಪನೆಯಾದ ಕೆನಲ್ ಕ್ಲಬ್. ನಾಯಿಗಳ ವಂಶಾವಳಿ ಬರೆದಿಡುವುದು ಮತ್ತು ಪ್ರದರ್ಶನಗಳಿಗೆ ನಿಯಮ ಹಾಕುವುದು ಅದರ ಮೊದಲ ಕೆಲಸವಾಗಿತ್ತು. ನಮ್ಮ ದೇಶದ ಕೆನಲ್ ಕ್ಲಬ್ ಆಫ್ ಇಂಡಿಯಾದ ಕಚೇರಿ ಚೆನ್ನೈಯಲ್ಲಿದೆ. ಊಟಿಯಲ್ಲಿ ಬೇಸಿಗೆಯ ಹೊತ್ತಿಗೆ ಸೌತ್ ಆಫ್ ಇಂಡಿಯಾ ಕೆನಲ್ ಕ್ಲಬ್ ನಡೆಸುವ ನಾಯಿ ಪ್ರದರ್ಶನವನ್ನು ನೀಲಗಿರಿಯ ನಮ್ಮ ಸದಸ್ಯರು ಬಲ್ಲರು.

ಇವು ಮುಖ್ಯವಾಗಿ ಜಾತಿನಾಯಿಗಳ ಸಂಸ್ಥೆಗಳು. ಆದರೆ ಸಂಘ ಕಟ್ಟಿಕೊಳ್ಳಲು ವಿದೇಶಿ ತಳಿಯೇ ಬೇಕೆಂದಿಲ್ಲ. ಕರ್ನಾಟಕದ ಮುಧೋಳ, ತಮಿಳುನಾಡಿನ ರಾಜಪಾಳಯಂ ಮತ್ತು ಚಿಪ್ಪಿಪಾರೈ ನಾಯಿಗಳನ್ನು ರಾಷ್ಟ್ರೀಯ ಪ್ರಾಣಿ ತಳಿ ಸಂಪನ್ಮೂಲ ಸಂಸ್ಥೆ ದೇಶೀ ತಳಿಗಳೆಂದು ನೋಂದಾಯಿಸಿದೆ. ಮುಧೋಳ ನಾಯಿಯನ್ನೇ ಮಹಾರಾಷ್ಟ್ರದ ಕಡೆ ಕಾರವಾನ್ ಎನ್ನುತ್ತಾರೆ. ಮನೆ ಕಾಯುವ ಸಾಮಾನ್ಯ ನಾಟಿ ನಾಯಿಯ ಒಡೆಯನಿಗೂ ಕಾನೂನಿನ ಮುಂದೆ ಅದೇ ಹಕ್ಕು, ಅದೇ ಹೊಣೆ.

2024ರ ಪ್ರಕರಣ ಕಲಿಸಿದ ಪಾಠ

2024ರ ಮಾರ್ಚ್ 12ರಂದು ಕೇಂದ್ರದ ಪಶುಸಂಗೋಪನಾ ಇಲಾಖೆ ಎಲ್ಲ ರಾಜ್ಯಗಳಿಗೆ ಒಂದು ಪತ್ರ ಕಳಿಸಿತು. ಪಿಟ್‌ಬುಲ್, ರಾಟ್‌ವೀಲರ್ ಮುಂತಾದ 23 ತಳಿಗಳನ್ನು ಅಪಾಯಕಾರಿ ಎಂದು ಹೆಸರಿಸಿ, ಅವುಗಳ ಆಮದು, ಮಾರಾಟ ಮತ್ತು ಸಾಕಣೆಗೆ ಅನುಮತಿ ಕೊಡಬಾರದು, ಈಗಾಗಲೇ ಮನೆಗಳಲ್ಲಿ ಇರುವವುಗಳಿಗೆ ಸಂತಾನಶಕ್ತಿಹರಣ ಮಾಡಿಸಬೇಕು ಎಂದು ಅದರಲ್ಲಿತ್ತು. ಆ ತಳಿಗಳನ್ನು ವರ್ಷಗಟ್ಟಲೆ ಸಾಕಿಕೊಂಡಿದ್ದವರು ರಾತ್ರಿ ಬೆಳಗಾಗುವುದರಲ್ಲಿ ತಪ್ಪಿತಸ್ಥರಂತಾದರು.

ಇದನ್ನು ಪ್ರಶ್ನಿಸಿ ನಾಯಿ ಸಾಕುವವರು ಕರ್ನಾಟಕ ಹೈಕೋರ್ಟಿಗೆ ಹೋದರು. 2024ರ ಏಪ್ರಿಲ್ 10ರಂದು ಕೋರ್ಟು ಆ ಸುತ್ತೋಲೆಯನ್ನು ರದ್ದುಪಡಿಸಿತು. ಸಂಬಂಧಪಟ್ಟವರ ಮಾತು ಕೇಳದೆ ಹೀಗೆ ನಿಷೇಧಿಸುವಂತಿಲ್ಲ ಎಂಬುದು ಅದಕ್ಕೆ ಮುಖ್ಯ ಕಾರಣವಾಗಿತ್ತು. ಅದೇ ತಿಂಗಳು ದೆಹಲಿ ಹೈಕೋರ್ಟು ಕೂಡ ಸುತ್ತೋಲೆಯನ್ನು ಬದಿಗಿಟ್ಟು, ಸಾರ್ವಜನಿಕರ ಆಕ್ಷೇಪಣೆಗಳನ್ನು ಕೇಳಿ ಹೊಸದಾಗಿ ತೀರ್ಮಾನಿಸುವಂತೆ ಹೇಳಿತು.

ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ನಾಯಿ ಕಚ್ಚಿದರೂ ಪರವಾಗಿಲ್ಲ ಎಂದು ಯಾವ ಕೋರ್ಟೂ ಹೇಳಲಿಲ್ಲ. ಸಾಕುವವರನ್ನು ಕೇಳಿ ನಿಯಮ ಮಾಡಿ ಎಂದಿತು, ಅಷ್ಟೆ. ಹಾಗೆ ಕೇಳಬೇಕಾದರೆ ಸರ್ಕಾರಕ್ಕೆ ಒಂದು ವಿಳಾಸ ಬೇಕು, ಪತ್ರಕ್ಕೆ ಉತ್ತರಿಸುವ ಒಬ್ಬ ಪದಾಧಿಕಾರಿ ಬೇಕು. ಸಂಘ ಬೇಕಾಗುವುದು ಇದಕ್ಕೇ.

ಸದಸ್ಯರಿಗೆ ಇರುವ ರಕ್ಷಣೆ

ವಸತಿ ಸಮುಚ್ಚಯಗಳಲ್ಲಿ: ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲಿ ಮಾರ್ಗಸೂಚಿ ಹೊರಡಿಸಿದೆ. ನಿವಾಸಿಗಳ ಸಂಘವು ಬಹುಮತದಿಂದ ಠರಾವು ಮಾಡಿದರೂ ಸಾಕುನಾಯಿಯನ್ನು ನಿಷೇಧಿಸುವಂತಿಲ್ಲ, ಲಿಫ್ಟ್ ಬಳಕೆ ತಡೆಯುವಂತಿಲ್ಲ ಎಂದು ಅದು ಹೇಳುತ್ತದೆ. 2021ರಲ್ಲಿ ಕೇರಳ ಹೈಕೋರ್ಟು, ಸಾಕುಪ್ರಾಣಿ ಇಟ್ಟುಕೊಳ್ಳಬಾರದೆಂಬ ಇಂಥ ನಿಬಂಧನೆಗಳು ಕಾನೂನುಬಾಹಿರ ಎಂದು ತೀರ್ಪು ಕೊಟ್ಟಿದೆ. ಕಾಸರಗೋಡು ಮತ್ತು ವಯನಾಡಿನ ಸದಸ್ಯರಿಗೆ ಇದು ನೇರವಾಗಿ ಅನ್ವಯಿಸುತ್ತದೆ.

ನಾಯಿಗೆ ಹಾನಿ ಮಾಡಿದರೆ: ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಮಿನ ಪ್ರಕಾರ ಪ್ರಾಣಿಯನ್ನು ಕೊಲ್ಲುವುದು, ವಿಷ ಹಾಕುವುದು, ಅಂಗವಿಕಲಗೊಳಿಸುವುದು 5 ವರ್ಷದವರೆಗೆ ಸೆರೆವಾಸ ವಿಧಿಸಬಹುದಾದ ಅಪರಾಧ. 2021ರಲ್ಲಿ ತಿರುವನಂತಪುರದ ಅಡಿಮಲತ್ತುರ ಕಡಲತೀರದಲ್ಲಿ ಬ್ರೂನೋ ಎಂಬ ಸಾಕುನಾಯಿಯನ್ನು ಹೊಡೆದು ಕೊಂದರು. ಕೇರಳ ಹೈಕೋರ್ಟು ತಾನಾಗಿಯೇ ವಿಚಾರಣೆಗೆ ಎತ್ತಿಕೊಂಡಿದ್ದ ಪ್ರಾಣಿ ಸಂರಕ್ಷಣೆಯ ಪ್ರಕರಣಕ್ಕೆ ಆ ನಾಯಿಯ ಹೆಸರನ್ನೇ ಇಟ್ಟಿತು.

ಮರಿ ಕೊಳ್ಳುವಾಗ: 2017ರ ನಾಯಿ ಸಾಕಣೆ ಮತ್ತು ಮಾರಾಟ ನಿಯಮಗಳ ಪ್ರಕಾರ ಮರಿ ಮಾಡಿಸಿ ಮಾರುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿರಬೇಕು. 8 ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ನೋಂದಣಿ ಪತ್ರ ತೋರಿಸಿ ಎಂದು ಕೇಳಲು ಸಂಕೋಚ ಬೇಡ.

ಸದಸ್ಯರ ಮೇಲಿರುವ ಹೊಣೆ

1. ಲಸಿಕೆ: ಮರಿಗೆ 3 ತಿಂಗಳಾದಾಗ ರೇಬೀಸ್ ಲಸಿಕೆ ಹಾಕಿಸಿ. ಆಮೇಲೆ ಪಶುವೈದ್ಯರು ಹೇಳಿದಂತೆ ಮರುಲಸಿಕೆ, ಬಳಿಕ ವರ್ಷಕ್ಕೊಮ್ಮೆ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವುದು ತೀರಾ ಅಪರೂಪ. ಕೂನೂರಿನಲ್ಲಿ 1907ರಷ್ಟು ಹಿಂದೆಯೇ ಪಾಶ್ಚರ್ ಸಂಸ್ಥೆ ತೆರೆದದ್ದು ಈ ರೋಗದ ಚಿಕಿತ್ಸೆಗಾಗಿಯೇ.

2. ಪರವಾನಗಿ: ಕೇರಳದಲ್ಲಿ 1998ರ ಪಂಚಾಯತ್ ನಿಯಮಗಳಂತೆ ನಾಯಿಗೆ ಲೈಸೆನ್ಸ್ ಬೇಕು. ಬೇರೆ ರಾಜ್ಯಗಳಲ್ಲಿ ನಿಮ್ಮ ಊರಿನ ನಗರಸಭೆ ಅಥವಾ ಪಂಚಾಯತಿ ಕಚೇರಿಯಲ್ಲಿ ವಿಚಾರಿಸಿ, ಹಣ ಕಟ್ಟಿದ ರಸೀದಿ ತಪ್ಪದೆ ಪಡೆಯಿರಿ.

3. ನಿಗಾ: ಹೊರಗೆ ಕರೆದೊಯ್ಯುವಾಗ ಹಗ್ಗ ಕೈಯಲ್ಲಿರಲಿ. ನಾಯಿಯ ವಿಷಯದಲ್ಲಿ ಅಜಾಗರೂಕತೆ ತೋರಿ ಜನರಿಗೆ ಅಪಾಯ ಒಡ್ಡಿದರೆ ನ್ಯಾಯ ಸಂಹಿತೆಯ 291ನೇ ಕಲಮಿನಡಿ 6 ತಿಂಗಳವರೆಗೆ ಸೆರೆ ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು.

4. ನಾಯಿಯ ಯೋಗಕ್ಷೇಮ: 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಕಲಮಿನಂತೆ ನಾಯಿಯನ್ನು ಸದಾ ಸರಪಳಿಯಲ್ಲಿ ಬಿಗಿದು ಓಡಾಡಿಸದೆ ಇಡುವುದೂ, ಬೇಡವಾಯಿತೆಂದು ಬೀದಿಪಾಲು ಮಾಡುವುದೂ ಅಪರಾಧ. ತೋಟ ಕಾಯಲೆಂದು ವರ್ಷವಿಡೀ ಕಟ್ಟಿಹಾಕುವವರು ಇದನ್ನು ಗಮನಿಸಬೇಕು.

ಸಂಘ ಮಾಡುವ ಕೆಲಸ

ಒಳ್ಳೆಯ ಸಂಘವೊಂದು ಪ್ರತಿ ಸದಸ್ಯನ ನಾಯಿಗೂ ಒಂದೊಂದು ಪುಟ ತೆರೆದಿಡುತ್ತದೆ. ಅದರಲ್ಲಿ ನಾಯಿಯ ಭಾವಚಿತ್ರ, ವಯಸ್ಸು, ಲಸಿಕೆಯ ತಾರೀಖು, ಲೈಸೆನ್ಸ್ ಸಂಖ್ಯೆ ಇರುತ್ತವೆ. ಲಸಿಕೆಯ ಗಡುವು ಬಂದಾಗ ನೆನಪಿಸುತ್ತದೆ. ವಿಶ್ವ ರೇಬೀಸ್ ದಿನವಾದ ಸೆಪ್ಟೆಂಬರ್ 28ರ ಸುಮಾರಿಗೆ ಪಶುವೈದ್ಯರನ್ನು ಕರೆಸಿ ಶಿಬಿರ ನಡೆಸುತ್ತದೆ. ನೋಟಿಸು ಬಂದರೆ ಕನ್ನಡದಲ್ಲಿ ವಿವರಿಸಿ, ಗಡುವಿನೊಳಗೆ ಲಿಖಿತ ಉತ್ತರ ಕೊಡಿಸಿ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳುತ್ತದೆ. ನಾಯಿ ಕಳೆದುಹೋದರೆ ಸದಸ್ಯರೆಲ್ಲರಿಗೂ ಸುದ್ದಿ ಮುಟ್ಟಿಸುತ್ತದೆ. ಸದಸ್ಯರು ಆಸ್ಪತ್ರೆ ಸೇರಿದಾಗ, ಮಕ್ಕಳ ಊರಿಗೆ ಹೋದಾಗ ನಾಯಿ ನೋಡಿಕೊಳ್ಳುವವರ ಪಟ್ಟಿ ಇಟ್ಟಿರುತ್ತದೆ. ಒಂಟಿಯಾಗಿರುವ ಹಿರಿಯರಿಗೆ ಈ ಕೊನೆಯದು ಬಹು ದೊಡ್ಡ ಉಪಕಾರ.

ನೆರೆಯವರ ದೂರು ಬಂದಾಗ ಪೊಲೀಸ್ ಠಾಣೆಗೆ ಮುಂಚೆ ಎರಡೂ ಕಡೆಯವರನ್ನು ಕೂರಿಸಿ ಮಾತಾಡಿಸುವುದೂ ಸಂಘದ ಕೆಲಸವೇ. ರಾತ್ರಿ ಬೊಗಳಾಟ, ಬಾಗಿಲ ಮುಂದಿನ ಹೊಲಸು ಇಂಥವು ಅರ್ಧ ಗಂಟೆಯ ಮಾತುಕತೆಯಲ್ಲಿ ಮುಗಿಯಬಹುದು.

ಆದರೆ ನಾಯಿ ಯಾರನ್ನಾದರೂ ಕಚ್ಚಿದಾಗ ಸಂಘ ಮೊದಲು ನೋಡಬೇಕಾದದ್ದು ಗಾಯಗೊಂಡವರನ್ನು. ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಸಿ, ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು. ನಾಯಿಯ ಲಸಿಕೆ ಪತ್ರವನ್ನು ವೈದ್ಯರಿಗೆ ತೋರಿಸಬೇಕು. ಖರ್ಚನ್ನು ಒಡೆಯರು ಭರಿಸುವಂತೆ ನೋಡಿಕೊಳ್ಳಬೇಕು. ಸದಸ್ಯನೆಂಬ ಕಾರಣಕ್ಕೆ ಸಂಗತಿ ಮುಚ್ಚಿಡುವ ಸಂಘದ ಮಾತನ್ನು ಮುಂದೆ ಪಂಚಾಯತಿಯೂ ಕೇಳುವುದಿಲ್ಲ, ಪೊಲೀಸರೂ ಕೇಳುವುದಿಲ್ಲ. ಆಗ ನಷ್ಟವಾಗುವುದು ನಿಯಮ ಪಾಲಿಸಿದ ಉಳಿದ ಸದಸ್ಯರಿಗೆ.

ನೋಂದಣಿ

1860ರ ಸಂಘಗಳ ನೋಂದಣಿ ಕಾಯ್ದೆಯಂತೆ ಕನಿಷ್ಠ 7 ಮಂದಿ ಸೇರಿ ಸಂಘವನ್ನು ನೋಂದಾಯಿಸಬಹುದು. ತಮಿಳುನಾಡಿನಲ್ಲಿ 1975ರ ಕಾಯ್ದೆ, ಆಂಧ್ರ ಮತ್ತು ತೆಲಂಗಾಣದಲ್ಲಿ 2001ರ ಕಾಯ್ದೆ ಜಾರಿಯಲ್ಲಿವೆ. ಉದ್ದೇಶ, ನಿಯಮಾವಳಿ, ಪದಾಧಿಕಾರಿಗಳ ಪಟ್ಟಿ ಸಿದ್ಧಪಡಿಸಿಕೊಂಡು ನಿಮ್ಮ ಭಾಗದ ನೋಂದಣಿ ಕಚೇರಿಗೆ ಹೋಗಬೇಕು. ವರ್ಷಕ್ಕೊಂದು ಮಹಾಸಭೆ, ಲೆಕ್ಕಪತ್ರ ತಪ್ಪಬಾರದು. ಪ್ರತ್ಯೇಕ ಸಂಘ ಕಟ್ಟುವಷ್ಟು ಜನ ಇಲ್ಲದ ಊರುಗಳಲ್ಲಿ ಈಗಿರುವ ಕನ್ನಡ ಸಂಘದೊಳಗೇ ಒಂದು ಉಪಸಮಿತಿ ಮಾಡಿಕೊಳ್ಳಬಹುದು.

ಸದ್ಯಕ್ಕೆ ಸದಸ್ಯರಲ್ಲಿ ನಮ್ಮ ವಿನಂತಿ ಇಷ್ಟೇ. ಲಸಿಕೆ ಪತ್ರ, ಲೈಸೆನ್ಸ್ ರಸೀದಿ, ಮರಿ ಕೊಂಡ ಚೀಟಿ, ನಾಯಿಯ ಒಂದು ಭಾವಚಿತ್ರ, ಈ ನಾಲ್ಕನ್ನು ಒಂದು ಫೈಲಿನಲ್ಲಿ ಹಾಕಿ ಮನೆಯವರೆಲ್ಲರಿಗೂ ಗೊತ್ತಿರುವ ಜಾಗದಲ್ಲಿ ಇಡಿ. ಒಂದೊಂದು ನಕಲನ್ನು ಸಂಘಕ್ಕೂ ತಲುಪಿಸಿ. ದೂರು ಬಂದ ದಿನ ನಿಮ್ಮ ಪರವಾಗಿ ಮಾತಾಡಲು ನಮಗೆ ಮೊದಲು ಬೇಕಾಗುವುದು ಆ ಫೈಲು.

ಇಂತಿ,
ಕಾರ್ಯದರ್ಶಿ