ಕೊನೆಯ ಗಾಡಿ ಬರುವವರೆಗೆ: ರಸ್ತೆ ನಿರ್ಮಾಣ ಮತ್ತು ಪೂರೈಕೆ ಸರಪಳಿ

ತಿಪಟೂರು ತಾಲ್ಲೂಕಿನ ಅರಳಗುಪ್ಪೆಗೆ ಹೋಗುವವರು ಸಾಮಾನ್ಯವಾಗಿ ಅಲ್ಲಿನ ಎರಡು ದೇವಾಲಯಗಳನ್ನು ನೋಡಲು ಹೋಗುತ್ತಾರೆ. ಒಂದು ನೊಳಂಬರ ಕಾಲದ ಕಲ್ಲೇಶ್ವರ, ಇನ್ನೊಂದು ಹೊಯ್ಸಳರ ಕಾಲದ ಚೆನ್ನಕೇಶವ. ನೀವು ಅಲ್ಲಿಗೆ ಹೋದಾಗ ದಾರಿಯನ್ನೂ ಸ್ವಲ್ಪ ಗಮನಿಸಿ. ಅದರಲ್ಲಿರುವ ಜಲ್ಲಿ, ಮರಳು, ಸಿಮೆಂಟು, ಡಾಂಬರು ಒಂದೇ ಕಡೆಯಿಂದ ಬಂದವಲ್ಲ. ಇವೆಲ್ಲ ಸರಿಯಾದ ಪ್ರಮಾಣದಲ್ಲಿ, ಸರಿಯಾದ ದಿನ ಬಂದು ಸೇರಿದ್ದರಿಂದ ಅದು ರಸ್ತೆಯಾಯಿತು. ಈ ವ್ಯವಸ್ಥೆಗೆ ‘ಪೂರೈಕೆ ಸರಪಳಿ ನಿರ್ವಹಣೆ’ ಎಂಬ ಹೆಸರು ಬಂದದ್ದು 1982ರಲ್ಲಿ, ಕೀತ್ ಆಲಿವರ್ ಎಂಬ ಸಲಹೆಗಾರರಿಂದ. ಆದರೆ ಆ ಸಮಸ್ಯೆ ರಸ್ತೆಯಷ್ಟೇ ಹಳೆಯದು.

ಜಲ್ಲಿ ಮತ್ತು ಎತ್ತಿನ ಗಾಡಿ

ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಸ್ಕಾಟ್ಲೆಂಡಿನ ಜಾನ್ ಲೌಡನ್ ಮ್ಯಾಕ್‌ಆಡಮ್ ಸರಳವಾದ ಒಂದು ವಿಧಾನವನ್ನು ಬಳಕೆಗೆ ತಂದರು. ದೊಡ್ಡ ಕಲ್ಲುಗಳ ಬದಲು, ಒಡೆದ ಸಣ್ಣ ಕಲ್ಲುಗಳನ್ನು ಪದರಪದರವಾಗಿ ಹರಡಬೇಕು. ಚೂಪು ಅಂಚಿನ ಜಲ್ಲಿಗಳು ಒತ್ತಡಕ್ಕೆ ಸಿಕ್ಕಿ ಒಂದರೊಳಗೊಂದು ಕಚ್ಚಿಕೊಳ್ಳುತ್ತವೆ. ಘರ್ಷಣೆ ಅವನ್ನು ಹಿಡಿದಿಡುತ್ತದೆ. ಮೈಸೂರು ಸಂಸ್ಥಾನದಲ್ಲಿ 1834ರಿಂದ 1861ರವರೆಗೆ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಅವರ ಕಾಲದಲ್ಲಿ ಸುಮಾರು 1600 ಮೈಲಿ ರಸ್ತೆ, 300ಕ್ಕೂ ಹೆಚ್ಚು ಸೇತುವೆಗಳು ನಿರ್ಮಾಣವಾದವು. ಆಗ ಇಲ್ಲಿ ರೈಲು ಇರಲಿಲ್ಲ, ಲಾರಿಯಂತೂ ಇರಲೇ ಇಲ್ಲ.

ಹಾಗಾದರೆ ಸಾಗಣೆ ಎಷ್ಟು? ಒಂದು ಲೆಕ್ಕ ಮಾಡೋಣ. ಒಂದು ಕಿಲೋಮೀಟರ್ ಉದ್ದ, 3.75 ಮೀಟರ್ ಅಗಲದ ರಸ್ತೆಯ ಮೇಲೆ, ಗಟ್ಟಿಮಾಡಿದ ಮೇಲೆ 75 ಮಿಲಿಮೀಟರ್ ದಪ್ಪ ಇರುವಂತೆ ಜಲ್ಲಿ ಹಾಕಬೇಕೆಂದುಕೊಳ್ಳಿ. ಸಡಿಲವಾಗಿ ರಾಶಿ ಹಾಕಿದಾಗ ಇದಕ್ಕೆ ಸುಮಾರು 370 ಘನ ಮೀಟರ್, ಎಂದರೆ 550 ಟನ್‌ನಷ್ಟು ಜಲ್ಲಿ ಬೇಕು. ಒಂದು ಜೋಡೆತ್ತಿನ ಗಾಡಿ ಒಂದು ಸಲಕ್ಕೆ ಅರ್ಧ ಟನ್ ಸಾಗಿಸಿದರೆ 1100 ಗಾಡಿ ಆಯಿತು. ಇದು ಒಂದು ಪದರಕ್ಕೆ ಮಾತ್ರ. ಎರಡು ಪದರಕ್ಕೆ 2200.

ಇಪ್ಪತ್ತು ಗಾಡಿಗಳು ದಿನಕ್ಕೆ ಎರಡು ಸಲ ಕಲ್ಲುಗಣಿಗೆ ಹೋಗಿ ಬಂದರೆ ಈ ಕೆಲಸಕ್ಕೆ 55 ದಿನ ಸಾಕು. ಗಣಿ ಇನ್ನೂ ದೂರವಿದ್ದು ದಿನಕ್ಕೆ ಒಂದೇ ಸಲ ಬರುವಂತಾದರೆ 110 ದಿನ. ಕಲ್ಲು ಒಡೆಯುವವರು ಎಷ್ಟೇ ಚುರುಕಾಗಿದ್ದರೂ ಈ ಅವಧಿ ಕಡಿಮೆಯಾಗುವುದಿಲ್ಲ. ಅದನ್ನು ನಿರ್ಧರಿಸುವುದು ದೂರ.

ವಿಳಂಬ ನೇರ ಅನುಪಾತದಲ್ಲಿಲ್ಲ

ಇಲ್ಲಿಯವರೆಗೆ ವಿಷಯ ಸುಲಭ: ದೂರ ಇಮ್ಮಡಿಯಾದರೆ ಕಾಲವೂ ಇಮ್ಮಡಿ. ಆದರೆ ರೈತರ ಕ್ಯಾಲೆಂಡರನ್ನು ಇದಕ್ಕೆ ಸೇರಿಸಿ ನೋಡಿ. ಎತ್ತುಗಳು ಬಿಡುವಾಗುವುದು ಸುಗ್ಗಿ, ಕಣ ಮುಗಿದ ಮೇಲೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಏಪ್ರಿಲ್–ಮೇ ತಿಂಗಳ ಮೊದಲ ಮಳೆ ಬಿದ್ದರೆ ಹೆಸರು, ಎಳ್ಳಿನ ಬಿತ್ತನೆಗೆ ಅವು ಹೊಲಕ್ಕೆ ಇಳಿಯಬೇಕು. ಇನ್ನೊಂದು ಕಡೆ, ಹರಡಿದ ಜಲ್ಲಿಯನ್ನು ಗಟ್ಟಿ ಮಾಡಲು ಹೇರಳವಾಗಿ ನೀರು ಬೇಕು. ಆದ್ದರಿಂದ ಬೇಸಿಗೆಯಲ್ಲಿ ರಸ್ತೆಯ ಪಕ್ಕ ಜಲ್ಲಿಯನ್ನು ಅಳತೆಯ ರಾಶಿಗಳಾಗಿ ಕೂಡಿಟ್ಟು, ಮಳೆಗಾಲದಲ್ಲಿ ಹರಡಿ ಒತ್ತುವುದು ಹಳೆಯ ಪದ್ಧತಿ.

ಫೆಬ್ರುವರಿ ಮೊದಲ ದಿನ ಕೆಲಸ ಆರಂಭವಾಯಿತೆನ್ನಿ. 55 ದಿನದ ಕೆಲಸ ಮಾರ್ಚ್ ಕೊನೆಗೆ ಮುಗಿಯುತ್ತದೆ. ಆ ಮಳೆಗಾಲದಲ್ಲೇ ರಸ್ತೆ ಸಿದ್ಧ. 110 ದಿನದ ಕೆಲಸ ಮೇ ಮೂರನೆಯ ವಾರದವರೆಗೆ ಎಳೆಯುತ್ತದೆ. ಅಷ್ಟರಲ್ಲಿ ಗಾಡಿಗಳು ಹೊಲಕ್ಕೆ ಹೋಗಿರುತ್ತವೆ. ಉಳಿದ ಜಲ್ಲಿ ಬರುವುದು ಮುಂದಿನ ಸುಗ್ಗಿಯ ನಂತರವೇ. ಸಾಗಣೆಯಲ್ಲಿ ಕೆಲವು ವಾರಗಳ ಕೊರತೆ, ರಸ್ತೆ ಮುಗಿಯುವುದರಲ್ಲಿ ಒಂದು ವರ್ಷದ ವಿಳಂಬ! ಭೌತವಿಜ್ಞಾನದಲ್ಲಿ ಇಂಥ ವರ್ತನೆಯನ್ನು ಹೊಸ್ತಿಲು ಪರಿಣಾಮ ಎನ್ನುತ್ತೇವೆ. ಹೊಸ್ತಿಲು ದಾಟುವವರೆಗೆ ಏನೂ ಆಗುವುದಿಲ್ಲ. ದಾಟಿದರೆ ಒಮ್ಮೆಲೇ ಬದಲಾವಣೆ.

ರೈಲು ಬಂತು

ಬೆಂಗಳೂರು–ತುಮಕೂರು ಮೀಟರ್ ಗೇಜ್ ರೈಲುಮಾರ್ಗ 1884ರಲ್ಲಿ ತೆರೆಯಿತು. ಅದು ತಿಪಟೂರು, ಅರಸೀಕೆರೆಗಳನ್ನು ಹಾದು 1889ರ ವೇಳೆಗೆ ಹರಿಹರ ತಲಪಿತು. ಇದರಿಂದ ದೂರದಿಂದ ಬರಬೇಕಾದ ಕಬ್ಬಿಣ, ಸಿಮೆಂಟುಗಳ ಸಾಗಣೆ ಸುಲಭವಾಯಿತು. ಮುಂದೆ ಇದೇ ಮಾರ್ಗದ ಅಮ್ಮಸಂದ್ರದಲ್ಲಿ ಸಿಮೆಂಟು ಕಾರ್ಖಾನೆಯೇ ಬಂತು. ಆದರೆ ನಿಲ್ದಾಣದಿಂದ ಕೆಲಸದ ಜಾಗದವರೆಗಿನ ಕೊನೆಯ ಕೆಲವು ಮೈಲಿ ಗಾಡಿಯ ಪಾಲಿಗೇ ಉಳಿಯಿತು. ಸರಪಳಿಯ ಒಂದು ಕೊಂಡಿ ಬಲವಾದರೆ ಸಾಲದು. ಅತಿ ನಿಧಾನವಾದ ಕೊಂಡಿಯೇ ಇಡೀ ಸರಪಳಿಯ ವೇಗ.

ಇಂದು ಹತ್ತು ಟನ್ ಹೊರುವ ಲಾರಿ ನಮ್ಮ 1100 ಗಾಡಿಗಳ ಕೆಲಸವನ್ನು 55 ಲೋಡುಗಳಲ್ಲಿ ಮುಗಿಸುತ್ತದೆ. ಹಾಗಿದ್ದರೂ ಹೊಸ ಬಗೆಯ ಹೊಸ್ತಿಲುಗಳು ಬಂದಿವೆ. ಡಾಂಬರು ಮಿಶ್ರಣ ಘಟಕದಿಂದ ಹೊರಡುವಾಗ ಸುಮಾರು 150ರಿಂದ 160 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಅದು 90 ಡಿಗ್ರಿಗೆ ಇಳಿಯುವ ಮೊದಲೇ ರೋಲರ್ ಕೆಲಸ ಮುಗಿಸಬೇಕು. ತಣಿದ ಮಿಶ್ರಣ ಸರಿಯಾಗಿ ಒತ್ತಿಕೊಳ್ಳದೆ ಗಾಳಿಗುಳ್ಳೆಗಳು ಉಳಿಯುತ್ತವೆ. ಅಲ್ಲಿ ನೀರು ಸೇರಿ ಗುಂಡಿಯಾಗುತ್ತದೆ. ಜಲ್ಲಿಯನ್ನು ತಿಂಗಳುಗಟ್ಟಲೆ ಕೂಡಿಡಬಹುದು, ಬಿಸಿ ಮಿಶ್ರಣವನ್ನು ಕೂಡಿಡಲಾಗದು. ನ್ಯೂಟನ್ನರ ತಣಿಯುವಿಕೆಯ ನಿಯಮಕ್ಕೆ ಗುತ್ತಿಗೆಯ ಕರಾರು ಅನ್ವಯಿಸುವುದಿಲ್ಲ!

ಐದು ಸಾಮಗ್ರಿಗಳ ಗಣಿತ

ಜಲ್ಲಿ, ಮರಳು, ಸಿಮೆಂಟು, ಡಾಂಬರು, ಡೀಸೆಲ್ ಎಂಬ ಐದು ಸಾಮಗ್ರಿಗಳು ಬೇಕೆಂದಿಟ್ಟುಕೊಳ್ಳಿ. ಪ್ರತಿಯೊಂದೂ ಹೊತ್ತಿಗೆ ಸರಿಯಾಗಿ ಬರುವ ಸಂಭವನೀಯತೆ 0.9. ಕೇಳಲು ಚೆನ್ನಾಗಿದೆ. ಆದರೆ ಅವು ಪರಸ್ಪರ ಸ್ವತಂತ್ರವಾಗಿದ್ದರೆ, ಐದೂ ಒಟ್ಟಿಗೆ ಬಂದಿರುವ ಸಂಭವನೀಯತೆ 0.9ರ ಐದನೆಯ ಘಾತ, ಎಂದರೆ ಕೇವಲ 0.59. ಹತ್ತರಲ್ಲಿ ನಾಲ್ಕು ದಿನ ಏನಾದರೊಂದು ಇಲ್ಲದೆ ಕೆಲಸ ನಿಲ್ಲುತ್ತದೆ. ಪ್ರತಿಯೊಬ್ಬ ಪೂರೈಕೆದಾರನೂ ‘ನನ್ನಿಂದ ತಡವಾಗಿಲ್ಲ’ ಎಂದು ಬಹುಮಟ್ಟಿಗೆ ನಿಜವನ್ನೇ ಹೇಳುತ್ತಿರುತ್ತಾನೆ. ರಸ್ತೆ ಮಾತ್ರ ತಡವಾಗಿರುತ್ತದೆ. 1950ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ರೂಪುಗೊಂಡ ‘ನಿರ್ಣಾಯಕ ಪಥ ವಿಧಾನ’ ಯಾವ ಕೆಲಸ ತಡವಾದರೆ ಎಲ್ಲವೂ ತಡವಾಗುತ್ತದೆ ಎಂಬುದನ್ನು ಮುಂಚಿತವಾಗಿ ಗುರುತಿಸಲು ನೆರವಾಗುತ್ತದೆ.

ಹಿಂದೆ ರಾಷ್ಟ್ರೀಯ ಹೆದ್ದಾರಿ 206 ಎನ್ನುತ್ತಿದ್ದ ತುಮಕೂರು–ಶಿವಮೊಗ್ಗ ರಸ್ತೆಯನ್ನು ಚತುಷ್ಪಥ ಮಾಡಲು ನಾಲ್ಕು ಭಾಗಗಳಾಗಿ ಹಂಚಲಾಯಿತು. ಮೊದಲ ಎರಡು ಭಾಗಗಳು ಕೂಡುವುದು ಅರಳಗುಪ್ಪೆಗೆ ಹತ್ತಿರದ ಕರಡಿಯಲ್ಲಿ. ಇಂಥ ಕಾಮಗಾರಿಗಳಲ್ಲಿ ಸಾಮಗ್ರಿಯ ಜೊತೆಗೆ ಜಮೀನೂ ಹೊತ್ತಿಗೆ ‘ಪೂರೈಕೆ’ಯಾಗಬೇಕು. 2020ರ ಮಾರ್ಚ್‌ನ ಲಾಕ್‌ಡೌನ್‌ನಲ್ಲಿ ದೇಶದಾದ್ಯಂತ ಕಾರ್ಮಿಕರ, ಸರಕುಗಳ ಚಲನೆ ನಿಂತಾಗ, ಕೇಂದ್ರ ಸರ್ಕಾರ ಗುತ್ತಿಗೆದಾರರಿಗೆ ಆರು ತಿಂಗಳವರೆಗೆ ಅವಧಿ ವಿಸ್ತರಣೆ ನೀಡಬೇಕಾಯಿತು.

ಅರ್ಧಕ್ಕೆ ನಿಂತ ರಸ್ತೆ ಹಳೆಯ ರಸ್ತೆಗಿಂತ ಕೆಟ್ಟದ್ದು. ಹರಡಿ ಬಿಟ್ಟ ಜಲ್ಲಿಯ ಮೇಲೆ ತಿಪಟೂರಿನ ಮಾರುಕಟ್ಟೆಗೆ ಕೊಬ್ಬರಿ ಸಾಗಬೇಕು, ಮಕ್ಕಳು ಸೈಕಲ್ಲಿನಲ್ಲಿ ಶಾಲೆಗೆ ಹೋಗಬೇಕು, ಗರ್ಭಿಣಿಯರು ಆಸ್ಪತ್ರೆಗೆ ಹೋಗಬೇಕು. ವಿಳಂಬದ ಬೆಲೆಯನ್ನು ತೆರುವವರು ಅವರು.

ಅಧ್ಯಾಪಕರೇ, ನಿಮ್ಮ ಊರಿನ ಬಳಿ ರಸ್ತೆ ಕೆಲಸ ನಡೆಯುತ್ತಿದ್ದರೆ ವಿದ್ಯಾರ್ಥಿಗಳಿಂದ ಒಂದು ಯೋಜನೆ ಮಾಡಿಸಿ. ದಿನಕ್ಕೆ ಎಷ್ಟು ಲೋಡು ಬಂತು, ಎಷ್ಟು ದೂರದಿಂದ ಬಂತು, ಯಾವುದು ಇಲ್ಲದೆ ಕೆಲಸ ನಿಂತಿತು ಎಂಬುದನ್ನು ಸುರಕ್ಷಿತ ದೂರದಲ್ಲಿ ನಿಂತು ಒಂದು ತಿಂಗಳು ಬರೆದಿಡಲಿ. ರಸ್ತೆ ಯಾವಾಗ ಮುಗಿದೀತು ಎಂಬುದನ್ನು ಫಲಕದ ಮೇಲಿನ ದಿನಾಂಕಕ್ಕಿಂತ ಅವರ ಪಟ್ಟಿಯೇ ಚೆನ್ನಾಗಿ ಹೇಳಬಹುದು.