ಹವಳದ ಅಕ್ವೇರಿಯಂ ಛಾಯಾಗ್ರಹಣ

ಮನೆಯಲ್ಲಿ ಉಪ್ಪುನೀರಿನ ಗಾಜಿನ ತೊಟ್ಟಿ ಇಟ್ಟು ಸಾಕಿದ ಹವಳ, ಮೀನು ಮತ್ತಿತರ ಕಡಲಜೀವಿಗಳ ಚಿತ್ರ ತೆಗೆಯುವ ಕಲೆ. ಇದನ್ನು ಕಡಲೊಳಗಿನ ಛಾಯಾಗ್ರಹಣದ ಕವಲೆಂದು ಎಣಿಸುವುದುಂಟು, ಆದರೆ ಎರಡರ ತೊಡಕುಗಳು ಬೇರೆ. ಕಡಲಲ್ಲಿ ಮುಳುಗಿದವನ ಕ್ಯಾಮೆರಾ ನೀರಿನೊಳಗೇ ಇರುತ್ತದೆ. ಇಲ್ಲಿ ಕ್ಯಾಮೆರಾ ಹೊರಗೆ, ಜೀವಿ ಒಳಗೆ, ನಡುವೆ ಗಾಜು, ಮೇಲೆ ನೀಲಿ ಎಲ್‌ಇಡಿ ದೀಪ. ಅನೇಕ ಹವಳಗಳು ಬಿದ್ದ ಬೆಳಕನ್ನು ಹಿಂದಿರುಗಿಸುವುದರ ಜೊತೆಗೆ ಅದರ ಒಂದಂಶವನ್ನು ಹೀರಿ ಬೇರೆ ಬಣ್ಣದಲ್ಲಿ ಹೊರಸೂಸುತ್ತವೆ. ಹೀಗಾಗಿ ಯಾವ ದೀಪದಡಿ ತೆಗೆದದ್ದೆಂದು ತಿಳಿಯದೆ ಇಂಥ ಚಿತ್ರದ ಬಣ್ಣದ ಬಗ್ಗೆ ಏನನ್ನೂ ಖಚಿತವಾಗಿ ಹೇಳಲಾಗದು.

ಹಿನ್ನೆಲೆ

1853ರಲ್ಲಿ ಲಂಡನ್ ಮೃಗಾಲಯ ಸಾರ್ವಜನಿಕ ಮತ್ಸ್ಯಾಲಯವನ್ನು ತೆರೆಯಿತು. ಮರುವರ್ಷ ಫಿಲಿಪ್ ಹೆನ್ರಿ ಗಾಸ್ ಬರೆದ 'ದಿ ಅಕ್ವೇರಿಯಂ' ಈ ಹವ್ಯಾಸವನ್ನು ಮನೆಮನೆಗೆ ಒಯ್ದಿತು. ಅದರಲ್ಲಿದ್ದವು ಕೈಯಿಂದ ಬರೆದ ಚಿತ್ರಗಳು. ಫ್ರಾನ್ಸಿನ ಲೂಯಿ ಬೂತಾನ್ 1893ರಲ್ಲಿ ಕಡಲೊಳಗೇ ಕ್ಯಾಮೆರಾ ಇಳಿಸಿದ. ತೊಟ್ಟಿಯಲ್ಲಿನ ಜೀವಂತ ಮೀನುಗಳ ಚಿತ್ರ ತೆಗೆಯುವ ತನ್ನ ಪ್ರಯೋಗಗಳನ್ನು ಅಮೆರಿಕದ ಆರ್. ಡಬ್ಲ್ಯು. ಶುಫೆಲ್ಟ್ 1899ರ ಸುಮಾರಿಗೆ ವರದಿ ಮಾಡಿದ. ಹವಳವನ್ನು ಮನೆಯಲ್ಲಿ ವರ್ಷಗಟ್ಟಲೆ ಬದುಕಿಸುವುದು ಸಾಧ್ಯವಾದದ್ದು ಬಹಳ ತಡವಾಗಿ. ಜಕಾರ್ತಾದ ಲೀ ಚಿನ್ ಎಂಗ್ 1961ರಲ್ಲಿ ವಿವರಿಸಿದ, ಜೀವಂತ ಕಲ್ಲುಗಳನ್ನು, ಅಂದರೆ ಜೀವಿಗಳು ನೆಲೆಸಿದ ಕಡಲ ಕಲ್ಲುಗಳನ್ನು, ನೆಚ್ಚಿದ ವಿಧಾನ ಆ ದಾರಿಯ ಮುಖ್ಯ ಮೈಲಿಗಲ್ಲು.

ಗಾಜು ಮತ್ತು ನೀರು

ನೀರಿನ ವಕ್ರೀಭವನಾಂಕ ಸುಮಾರು 1.33, ಗಾಜಿನದು ಸುಮಾರು 1.5. ಗಾಜಿನ ಎದುರು ನೇರವಾಗಿ ನಿಂತು ನೋಡಿದರೆ ಇದರ ಪರಿಣಾಮ ಅಲ್ಪ: ಒಳಗೆ 40 ಸೆಂ.ಮೀ. ದೂರದಲ್ಲಿರುವ ಹವಳ 30 ಸೆಂ.ಮೀ.ನಲ್ಲಿರುವಂತೆ ತೋರುತ್ತದೆ. ಓರೆಯಾಗಿ ನೋಡಿದರೆ ಮಾತ್ರ ಒಂದೊಂದು ಬಣ್ಣದ ಕಿರಣ ಒಂದೊಂದು ಕೋನದಲ್ಲಿ ಬಾಗುತ್ತದೆ. ಅಂಚುಗಳಲ್ಲಿ ಬಣ್ಣದ ಎಳೆ ಬಿಚ್ಚಿಕೊಳ್ಳುತ್ತದೆ, ಗೆರೆಗಳು ಕದಡುತ್ತವೆ. ಎಷ್ಟೇ ದುಬಾರಿಯ ಲೆನ್ಸ್ ಕೂಡ ಇದನ್ನು ಸರಿಪಡಿಸದು. ಲೆನ್ಸ್ ಗಾಜಿಗೆ ಲಂಬವಾಗಿರಬೇಕೆಂಬ ನಿಯಮ ಹುಟ್ಟಿದ್ದು ಇದರಿಂದ. ರಬ್ಬರ್ ಹುಡ್ಡನ್ನು ಗಾಜಿಗೆ ಒತ್ತಿ ಹಿಡಿದರೆ ಕೋಣೆಯ ಪ್ರತಿಬಿಂಬವೂ ತಪ್ಪುತ್ತದೆ. ಸಾಮಾನ್ಯ ಗಾಜಿನ ಹಸಿರುಛಾಯೆಗೆ ಅದರಲ್ಲಿನ ಕಬ್ಬಿಣದ ಅಂಶ ಕಾರಣ; ಕಬ್ಬಿಣ ಕಡಿಮೆಯಿರುವ ಗಾಜಿನ ತೊಟ್ಟಿಗಳು ಈ ಕೆಲಸಕ್ಕೆ ಮೇಲು.

ಹವಳದ ಒಂದೊಂದು ಪಾಲಿಪ್ ಕೆಲವೇ ಮಿಲಿಮೀಟರ್ ಅಗಲವಿದ್ದೀತು. ಮ್ಯಾಕ್ರೋ ಲೆನ್ಸಿನಲ್ಲಿ 1:1 ಅಳತೆಗೆ ಹೋದಾಗ, ಫುಲ್‌ಫ್ರೇಮ್ ಕ್ಯಾಮೆರಾದಲ್ಲಿ ಎಫ್/8ಕ್ಕೆ ಸ್ಪಷ್ಟವಾಗಿ ಸಿಗುವ ಆಳ ಸುಮಾರು 1 ಮಿ.ಮೀ.; ಎಫ್/16 ಇಟ್ಟರೂ 2 ಮಿ.ಮೀ. ಆಸುಪಾಸು. ನೀರು ಅಲುಗಾಡಿದರೆ ಅದೂ ಕೈತಪ್ಪುತ್ತದೆ. ಅದಕ್ಕೇ ಟ್ರೈಪಾಡ್ ಹೂಡಿ, ಪಂಪುಗಳನ್ನು ಕೆಲವು ನಿಮಿಷ ನಿಲ್ಲಿಸಿ, ತೇಲುವ ಕಣಗಳು ತಳ ಸೇರಿದ ಮೇಲೆ ಚಿತ್ರ ತೆಗೆಯುವುದು ರೂಢಿ.

ಮೀನುಗಳು

ಮೀನಿಗೆ ಪಂಪು ನಿಲ್ಲಿಸಿ ಪ್ರಯೋಜನವಿಲ್ಲ. ಶಟರ್ ವೇಗ ಸೆಕೆಂಡಿನ 1/200ರಷ್ಟಾದರೂ ಬೇಕು, ಫೋಕಸ್ ಕಣ್ಣಿನ ಮೇಲಿರಬೇಕು. ಉಳಿದದ್ದು ತಾಳ್ಮೆ: ಮೀನು ದಿನವೂ ಹಾಯುವ ದಾರಿಯನ್ನು ಗುರುತಿಸಿಕೊಂಡು ಅಲ್ಲಿ ಕಾಯುವುದು. ಬೆಳ್ಳಿಹೊಳಪಿನ ಮೈಯಲ್ಲಿ ಗ್ವಾನೀನ್ ಹರಳುಗಳು ಕನ್ನಡಿಯಂತೆ ವರ್ತಿಸುವುದರಿಂದ ಎದುರಿನ ಫ್ಲ್ಯಾಶ್ ಅದನ್ನು ಬಿಳಿಚಿಸುತ್ತದೆ. ಬೆಳಕು ಮೇಲಿನಿಂದ ಬರುವುದು ಲೇಸು. ಬಹುತೇಕ ಮೀನುಗಳ ನೀಲಿ ಇಂಥ ಹರಳುಗಳ ರಚನೆಯಿಂದ ಮೂಡಿದ್ದು, ಬೆಳಕಿನ ಕೋನ ಬದಲಾದರೆ ಅದೂ ಬದಲಾದೀತು. ಮ್ಯಾಂಡರಿನ್ ಮೀನು ಇದಕ್ಕೆ ಅಪರೂಪದ ಅಪವಾದ. ಅದರ ಚರ್ಮದಲ್ಲಿ ನಿಜವಾದ ನೀಲಿ ವರ್ಣಕೋಶಗಳಿವೆ.

ನೀಲಿ ಬೆಳಕು ಮತ್ತು ಪ್ರತಿದೀಪ್ತಿ

ಕಡಲ ನೀರು ಕೆಂಪನ್ನು ಬೇಗ ಹೀರಿಕೊಳ್ಳುತ್ತದೆ. ಆಳಕ್ಕೆ ಇಳಿದಂತೆ ಉಳಿಯುವುದು ನೀಲಿ. ಹವಳದ ತೊಟ್ಟಿಯ ದೀಪಗಳು ಇದನ್ನೇ ಅನುಕರಿಸುತ್ತವೆ, ಅವುಗಳ ಬೆಳಕಿನ ಬಹುಪಾಲು 450 ನ್ಯಾನೋಮೀಟರ್ ಆಸುಪಾಸಿನಲ್ಲಿರುತ್ತದೆ. ಹವಳದ ಅಂಗಾಂಶದಲ್ಲಿನ ಪ್ರತಿದೀಪ್ತಿ ಪ್ರೋಟೀನುಗಳು ಈ ನೀಲಿಯನ್ನು ಹೀರಿ ಹೆಚ್ಚು ತರಂಗದೂರದ ಹಸಿರು, ಕಿತ್ತಳೆ, ಕೆಂಪು ಬೆಳಕನ್ನು ಬಿಡುತ್ತವೆ.

ಈ ಹೊಳಪಿನ ಅಧ್ಯಯನಕ್ಕೆ ದೊಡ್ಡ ಇತಿಹಾಸವಿದೆ. ಇಂಗ್ಲೆಂಡಿನ ಕರಾವಳಿಯ ಕಡಲಹೂಗಳ ಪ್ರತಿದೀಪ್ತಿಯನ್ನು ಸಿ. ಇ. ಎಸ್. ಫಿಲಿಪ್ಸ್ 1927ರಲ್ಲಿ ದಾಖಲಿಸಿದ. ಜಪಾನಿನ ಸಿರೊ ಕವಾಗುಟಿ 1944ರಲ್ಲಿ ಹವಳಗಳ ಹಸಿರು ಪ್ರತಿದೀಪ್ತಿ ವರ್ಣಕಗಳ ಬಗ್ಗೆ ಬರೆದ. ಒಸಾಮು ಶಿಮೊಮುರ ಮತ್ತು ಸಂಗಡಿಗರು 1962ರಲ್ಲಿ ಲೋಳೆಮೀನಿನಿಂದ ಹಸಿರು ಪ್ರೋಟೀನನ್ನು ವರದಿ ಮಾಡಿದರು. ಅದರ ಶೋಧ ಮತ್ತು ಬಳಕೆಗಾಗಿ ಶಿಮೊಮುರ, ಮಾರ್ಟಿನ್ ಚಾಲ್ಫಿ, ರೋಜರ್ ತ್ಸಿಯೆನ್ ಅವರಿಗೆ 2008ರ ರಸಾಯನಶಾಸ್ತ್ರದ ನೊಬೆಲ್ ಸಂದಿತು. ನಮ್ಮ ವಿಷಯಕ್ಕೆ ಅತಿ ಹತ್ತಿರದ್ದು 1999ರ ಶೋಧ. ಮಿಖಾಯಿಲ್ ಮಾಟ್ಸ್, ಸೆರ್ಗೇ ಲುಕ್ಯಾನೊವ್ ಮತ್ತು ಸಂಗಡಿಗರು ಡಿಸ್ಕೊಸೋಮದಿಂದ ಕೆಂಪು ಪ್ರತಿದೀಪ್ತಿಯ ಪ್ರೋಟೀನನ್ನು ಬೇರ್ಪಡಿಸಿದರು. ಜೀವಕೋಶ ವಿಜ್ಞಾನದ ಪ್ರಯೋಗಾಲಯಗಳಿಗೆ ಅದು ಅಮೂಲ್ಯ ಸಾಧನವಾಯಿತು. ಡಿಸ್ಕೊಸೋಮ ಗಟ್ಟಿ ಅಸ್ಥಿಪಂಜರವಿಲ್ಲದ, ಹವಳದ ಹತ್ತಿರದ ಬಂಧು. ಹವ್ಯಾಸಿಗಳು ಮೊದಲು ಸಾಕಲು ಆರಿಸಿಕೊಳ್ಳುವ ಜೀವಿಗಳಲ್ಲಿ ಅದೂ ಒಂದು. ಈ ಹೊಳಪಿನಿಂದ ಹವಳಕ್ಕೇನು ಲಾಭ ಎಂಬುದರಲ್ಲಿ ಒಮ್ಮತವಿಲ್ಲ. ಬಿಸಿಲಿನಿಂದ ರಕ್ಷಣೆ, ಆಹಾರಜೀವಿಗಳನ್ನು ಸೆಳೆಯುವುದು ಎಂಬ ವಿವರಣೆಗಳಿವೆ. ಎಲ್ಲ ಪ್ರಭೇದಗಳಿಗೂ ಒಂದೇ ಉತ್ತರ ಹೊಂದಲಾರದು.

ಕ್ಯಾಮೆರಾಗೆ ಇದರಿಂದ ಎರಡು ಕಷ್ಟ. ಮೊದಲನೆಯದು ನೀಲಿ ವಾಹಿನಿ ತುಂಬಿ ಚೆಲ್ಲುವುದು. ಎಸ್‌ಆರ್‌ಜಿಬಿ ಪದ್ಧತಿಯ ಹೊಳಪಿನ ಲೆಕ್ಕದಲ್ಲಿ ಹಸಿರಿಗೆ ಸುಮಾರು ಶೇ. 72, ಕೆಂಪಿಗೆ ಶೇ. 21, ನೀಲಿಗೆ ಬರೀ ಶೇ. 7ರಷ್ಟು ತೂಕ. ಹೊಳಪಿನ ಹಿಸ್ಟೋಗ್ರಾಮ್ ಎಲ್ಲ ಸರಿಯಿದೆಯೆಂದು ತೋರಿಸುತ್ತಿರುವಾಗಲೇ ನೀಲಿಯಲ್ಲಿನ ವಿವರವೆಲ್ಲ ಅಳಿಸಿಹೋಗಿರಬಹುದು. ಮೂರು ಬಣ್ಣಗಳ ಹಿಸ್ಟೋಗ್ರಾಮನ್ನು ಬೇರೆಬೇರೆಯಾಗಿ ನೋಡಿ, ಎಕ್ಸ್‌ಪೋಷರ್ ತಗ್ಗಿಸಿ, ರಾ ಕಡತದಲ್ಲಿ ಉಳಿಸುವುದೇ ಪರಿಹಾರ. ಎರಡನೆಯದು ವೈಟ್ ಬ್ಯಾಲೆನ್ಸ್. ಬಹಳಷ್ಟು ಕ್ಯಾಮೆರಾಗಳ ಮಿತಿ 10,000 ಕೆಲ್ವಿನ್. ಈ ದೀಪಗಳ ಬೆಳಕು ಅದರಾಚೆಗಿನದು. ಬೂದು ಕಾರ್ಡೊಂದನ್ನು ನೀರಿನೊಳಗೇ ಇಳಿಸಿ ಅಳೆಯುವುದು ಹೆಚ್ಚು ನಂಬಲರ್ಹ.

ಲೆನ್ಸಿಗೆ ಹಳದಿ ಫಿಲ್ಟರ್ ತೊಡಿಸಿದರೆ ನೀಲಿ ತಡೆಯಲ್ಪಟ್ಟು ಪ್ರತಿದೀಪ್ತಿ ಎದ್ದು ಕಾಣುತ್ತದೆ. ಆದರೆ ಹವಳದ ಬಣ್ಣವೆಲ್ಲ ಪ್ರತಿದೀಪ್ತಿಯಲ್ಲ. ಅಕ್ರೊಪೋರ ಪ್ರಭೇದಗಳ ಕೆಲವು ನೇರಳೆ, ನೀಲಿಗಳಿಗೆ ಹೊಳೆಯದ ವರ್ಣಪ್ರೋಟೀನುಗಳು ಕಾರಣ. ಫಿಲ್ಟರಿನ ಹಿಂದೆ ಅವು ಕಪ್ಪಾಗಿಬಿಡುತ್ತವೆ. ಬಿಳಿ ಫ್ಲ್ಯಾಶಿನಲ್ಲಿ ಆಗುವುದು ಇದಕ್ಕೆ ತದ್ವಿರುದ್ಧ: ಪ್ರತಿದೀಪ್ತಿ ಮುಳುಗಿಹೋಗಿ, ಅಂಗಾಂಶದಲ್ಲಿ ನೆಲೆಸಿದ ಪಾಚಿಯ ಕಂದು ಮೇಲೇಳುತ್ತದೆ. ಎರಡೂ ಸುಳ್ಳಲ್ಲ, ಎರಡೂ ಪೂರ್ಣವಲ್ಲ. ಹಾಗಿದ್ದೂ ಹವಳದ ತುಣುಕುಗಳ ಮಾರಾಟದಲ್ಲಿ ದೀಪ, ಫಿಲ್ಟರುಗಳ ವಿವರವಿಲ್ಲದ ಚಿತ್ರಗಳೇ ಹೆಚ್ಚು. ಕೊಳ್ಳುವವರಿಗೆ ಇದು ನ್ಯಾಯವಲ್ಲ.

ದಾಖಲೆಯಾಗಿ ಚಿತ್ರ

ಒಂದೇ ಜಾಗ, ಒಂದೇ ದೀಪ, ಒಂದೇ ಲೆನ್ಸಿನಲ್ಲಿ ವಾರಕ್ಕೊಮ್ಮೆ ತೆಗೆದ ಚಿತ್ರಗಳು ಹವಳದ ಬೆಳವಣಿಗೆಯನ್ನೂ ಬಿಳಿಚುವಿಕೆಯ ಮೊದಲ ಸುಳಿವನ್ನೂ ತೋರಿಸುತ್ತವೆ. ಕಡಲಲ್ಲಿ ಇದೇ ಉದ್ದೇಶಕ್ಕೆ ಆಸ್ಟ್ರೇಲಿಯದ ಕ್ವೀನ್ಸ್‌ಲೆಂಡ್ ವಿಶ್ವವಿದ್ಯಾಲಯದ ಕೋರಲ್‌ವಾಚ್ ಯೋಜನೆ ಬಣ್ಣದ ಪಟ್ಟಿಯೊಂದನ್ನು ರೂಪಿಸಿದೆ. ಅದು ನೀಲಿ ದೀಪಕ್ಕಾಗಿ ರಚಿತವಾದದ್ದಲ್ಲ, ತೊಟ್ಟಿಯಲ್ಲಿ ಬಳಸುವವರು ಬಿಳಿ ಬೆಳಕಿನಲ್ಲೇ ಹೋಲಿಸಬೇಕು.

ಭಾರತದಲ್ಲಿ

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ 2001ರಲ್ಲಿ ಕಲ್ಲುಹವಳ, ಕರಿಹವಳ, ಬೆಂಕಿಹವಳ, ಕಡಲಬೀಸಣಿಗೆಗಳೂ ಕಡಲಕುದುರೆಗಳೂ ಸೇರಿದವು. ಇವನ್ನು ಕಡಲಿನಿಂದ ಕೀಳುವುದು, ಹಿಡಿಯುವುದು ಅಪರಾಧ. ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಹವಳಗಳಿಗೂ ಈ ರಕ್ಷಣೆಯಿದೆ. ಅವುಗಳ ಚಿತ್ರ ಬೇಕೆಂದರೆ ಕ್ಯಾಮೆರಾ ಹಿಡಿದು ಅಲ್ಲೇ ನೀರಿಗಿಳಿಯಬೇಕು.