ರೇಷ್ಮೆ ಹುಳಕ್ಕೆ ಮನೆ ಸಿಕ್ಕಿತು, ಅರಗಿನ ಹುಳಕ್ಕೆ?

ಕೋಲಾರದಿಂದ ಮುಳಬಾಗಿಲಿಗೆ ಹೋಗುವ ಹೆದ್ದಾರಿಯಲ್ಲಿ ದೇವರಾಯಸಮುದ್ರ ಸಿಗುತ್ತದೆ. ಹೊಲದ ಆಚೆ ಬಂಡೆಗುಡ್ಡ. ನಮ್ಮ ಸೀಮೆಯಲ್ಲಿ ದುಡ್ಡು ತರುವ ಹುಳ ಯಾವುದು ಅಂತ ಕೇಳಿದರೆ ಮಕ್ಕಳೂ ರೇಷ್ಮೆ ಅನ್ನುತ್ತಾರೆ. ಆದರೆ ಹಳೆಯ ಮೈಸೂರು ಸೀಮೆಗೆ ಇನ್ನೊಂದು ಹುಳವೂ ದುಡ್ಡು ತಂದಿತ್ತು. ಅದು ಅರಗಿನ ಹುಳ. ಪಾಂಡವರ ಅರಗಿನ ಮನೆಯ ಕತೆಯಲ್ಲಿ ಬರುತ್ತದಲ್ಲ, ಅದೇ ಅರಗು.

ಎರಡೂ ಮರವನ್ನೇ ನಂಬಿದ ಹುಳಗಳು. ಆದರೆ ಬದುಕುವ ರೀತಿ ಬೇರೆ. ರೇಷ್ಮೆ ಹುಳ ಹಿಪ್ಪುನೇರಳೆ ಎಲೆ ಮೇಯುತ್ತದೆ. ನಾಲ್ಕು ಜ್ವರ ದಾಟಿ, ಹಣ್ಣಾಗಿ, ಚಂದ್ರಂಕಿ ಏರಿ ಗೂಡು ಕಟ್ಟುತ್ತದೆ. ಸುಮಾರು ಒಂದು ತಿಂಗಳ ಬೆಳೆ. ಅದರ ಚಿಟ್ಟೆಗೆ ಹಾರಲೂ ಬಾರದು, ಮನುಷ್ಯ ಸಾಕದಿದ್ದರೆ ಆ ಕುಲವೇ ಇಲ್ಲ.

ಅರಗಿನ ಹುಳ ಎಲೆ ಮುಟ್ಟುವುದಿಲ್ಲ. ಸಾಸಿವೆಗಿಂತ ಸಣ್ಣ ಕೆಂಪು ಮರಿಗಳು ಎಳೆ ಕೊಂಬೆಗೆ ಸೂಜಿಯಂಥ ಬಾಯಿ ಚುಚ್ಚಿ ರಸ ಹೀರುತ್ತವೆ. ಹೆಣ್ಣು ಹುಳ ಕಾಲು ಕಳೆದುಕೊಂಡು ಅಲ್ಲೇ ಅಂಟಿಕೊಳ್ಳುತ್ತದೆ. ಮೈಯಿಂದ ಒಸರುವ ಅಂಟೇ ಅರಗು. ನಮ್ಮ ಕಡೆಯ ಬಂಡೆಗುಡ್ಡಗಳಲ್ಲಿ ಬೆಳೆಯುವ ಜಾಲಾರಿ ಮರ ಇದಕ್ಕೆ ಅಚ್ಚುಮೆಚ್ಚು. ಆ ಮರಕ್ಕೆ ಸಸ್ಯಶಾಸ್ತ್ರಜ್ಞರು ಇಟ್ಟಿದ್ದ ಒಂದು ಹಳೆಯ ಹೆಸರು ‘ವಾಟಿಕಾ ಲ್ಯಾಕ್ಸಿಫೆರಾ’. ಲ್ಯಾಕ್ಸಿಫೆರಾ ಅಂದರೆ ಅರಗು ಹೊರುವುದು. 1923ರಲ್ಲಿ ಎಸ್. ಮಹದಿಹಸನ್ ಇಲ್ಲಿನ ಹುಳಕ್ಕೆ ಮೈಸೂರಿನ ಹೆಸರನ್ನೇ ಸೇರಿಸಿ ‘ಮೈಸೂರೆನ್ಸಿಸ್’ ಎಂದು ಕರೆದರು.

ಆಮೇಲೆ ಎರಡರ ದಾರಿ ಕವಲೊಡೆಯಿತು. 18ನೇ ಶತಮಾನದ ಕೊನೆಯಲ್ಲಿ ಟಿಪ್ಪು ಬಂಗಾಳದಿಂದ ತರಿಸಿದ ರೇಷ್ಮೆಗೆ ರೋಗ ಬಂದಾಗಲೆಲ್ಲ ಕೈಹಿಡಿಯುವವರು ಇದ್ದರು. 1890ರ ದಶಕದಲ್ಲಿ ಜೆ.ಎನ್. ಟಾಟಾ ಬೆಂಗಳೂರಿನಲ್ಲಿ ಜಪಾನಿ ಪದ್ಧತಿಯ ರೇಷ್ಮೆ ತೋಟ ಮಾಡಿದರು. ಮುಂದೆ ಇಲಾಖೆ ಬಂತು, ಗೂಡಿನ ಮಾರುಕಟ್ಟೆ ಬಂತು.

ಅರಗಿಗೆ ಅಂಥ ಆಸರೆ ಇಲ್ಲಿ ಗಟ್ಟಿಯಾಗಲಿಲ್ಲ. ಅದರ ಕೆಂಪು ಬಣ್ಣವನ್ನು ರಾಸಾಯನಿಕ ಬಣ್ಣ ನುಂಗಿತು. ಗ್ರಾಮಫೋನ್ ತಟ್ಟೆಗೆ ಅರಗೇ ಬೇಕಿತ್ತು, ಆ ಜಾಗಕ್ಕೆ ಪ್ಲಾಸ್ಟಿಕ್ ಬಂತು. ಅರಗಿನ ಸಂಶೋಧನಾ ಸಂಸ್ಥೆ 1924ರಲ್ಲಿ ದೂರದ ರಾಂಚಿಯಲ್ಲಿ ಶುರುವಾಯಿತು. ಈಗಲೂ ದೇಶದ ಅರಗಿನಲ್ಲಿ ಹೆಚ್ಚಿನದು ಜಾರ್ಖಂಡ್, ಛತ್ತೀಸಗಢದ ಕಡೆಯದು. ಚನ್ನಪಟ್ಟಣದ ಗೊಂಬೆಯ ಹೊಳಪಿನಲ್ಲಿ ಮಾತ್ರ ನಾವು ಅದನ್ನು ದಿನವೂ ನೋಡುತ್ತೇವೆ.

ರೇಷ್ಮೆ ಬೆಳೆ ಕೈಕೊಟ್ಟರೆ ಮತ್ತೆ ಚಾಕಿ ತರಬಹುದು. ಗುಡ್ಡದ ಹಳೆಯ ಜಾಲಾರಿ ಮರ ಹೋದರೆ ಹುಳವೂ ಹೋಯಿತು, ಅದರ ನೆನಪೂ ಹೋಯಿತು. ನಿಮ್ಮೂರ ಗುಡ್ಡದಲ್ಲಿ ಜಾಲಾರಿ ಇದೆಯೇ? ಕೊಂಬೆಗೆ ಅರಗು ಕಟ್ಟಿದ್ದನ್ನು ಕಂಡವರಿದ್ದಾರೆಯೇ? ಮನೆಯ ಹಿರಿಯರನ್ನು ಇವತ್ತೇ ಕೇಳಿ, ಬರೆದಿಡೋಣ.